ಪ್ರೇಮಮ್ಮನವರ ಕಣ್ಣು

14 ಅಕ್ಟೋಬರ್ 2025, ಮಂಗಳವಾರ. ಚನ್ನಗಿರಿ.

ನನ್ನ ಸೋಮಾರಿತನಕ್ಕೆ ಏನನ್ನಬೇಕೋ. ಬಿಳಿಚೋಡಿನ ಲೈಬ್ರರಿಗೆ ಬರೆದುಕೊಟ್ಟ ಪ್ರೋಗ್ರಾಂ, ಅಕ್ಷರದ ಸೈಜು ನೆನಪಿಟ್ಟುಕೊಳ್ಳೋ ಫೈಲನ್ನ ಲೈಬ್ರರಿ ಪತ್ರಗಳೆಲ್ಲ ಇರೋ ಹೋಮ್ ಫೋಲ್ಡರಿನಲ್ಲಿ, ಅವುಗಳ ಮಧ್ಯೆನೇ ಬಿಸಾಕಿತ್ತು. ಅಲ್ಲಿನ ಕಂಪ್ಯೂಟರ್ ಓಡೋ ಲಿನಕ್ಸಿನಲ್ಲಿ ಇಂಥ ಸೆಟ್ಟಿಂಗಿಗೆ ಅಂತಲೇ ಡಾಟ್ ಕಾನ್ಫಿಗ್ ಐತೆ, ಸುಮ್ಮನೆ ಕಣ್ಣಿಗೆ ಬೀಳದ ಫೋಲ್ಡರು. ಗೊತ್ತಿದ್ದೂ ಬಿಟ್ಟಿದ್ದೆ. ಲೈಬ್ರರಿ ನೋಡಿಕೊಳ್ಳೋ ಪ್ರೇಮಮ್ಮ ಕಸ ಅಂತ ಆ ಫೈಲು ಅಳಿಸಿದ್ದಾರೆ. ಪರದೆ ಮೇಲಿನ ಅಕ್ಷರ ಸಣ್ಣಗಾಗಿವೆ. ಹದಿನೈದು ದಿನ ಆಯಮ್ಮ ಯಾರಿಗೂ ಹೇಳಿಲ್ಲ.

“ನನ್ನ ಕಣ್ಣೇ ಹೋದ್ವು ಅಂದ್ಕಂಡಿದ್ದೆ ಕಣಪ್ಪ. ಮನೇಲಿ ಹೆಂಗೆ ಹೇಳಾದು?” ಅಂದರು ಇವತ್ತು, ನಾನು ಬಿಳಿಚೋಡಿಗೆ ಹೋದಾಗ.

ಫೈಲು ಡಾಟ್ ಕಾನ್ಫಿಗ್ ಒಳಗೇ ಇರೋ ಹಂಗೆ ತಿದ್ದಿ, ಅಕ್ಷರ ದೊಡ್ಡದು ಮಾಡಿದೆ. ಓದಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ತಪ್ಪು ನಂದೇ ಅಂತ ಎರಡು ಸಲ ಹೇಳಿದರೂ ಬೈಲಿಲ್ಲ. ಆಯಮ್ಮನ ಹೊಟ್ಟೆ ತಣ್ಣಗಿರಲಿ.

“ಕಣ್ಣು ವಾಪಸ್ ಕೊಟ್ಟೆ ಕಣಪ್ಪ” ಅಂತ ಮಂಡಕ್ಕಿ ಕಟ್ಟಿಕೊಟ್ಟರು.

ಕಿತ್ತುಕೊಂಡಿದ್ದವನಿಗೆ.