ಮಗ್ಗದ ಮರೆಯ ದನಿ

ಜೂನ್ 11, ಭಾನುವಾರ

ಇವತ್ತೂ ಅದೇ. ಅಬ್ಬಾ ಮುಂದಿನ ಶೆಡ್ಡಿನಲ್ಲಿ ಪವರ್‌ಲೂಮು ಶುರು ಮಾಡಿದ ಮೇಲೆ ಹಿಂದಿನ ಕೋಣೆಯಲ್ಲಿ ನಮ್ಮ ಪ್ರಾಕ್ಟೀಸು. ಚಿಕ್ಕಪ್ಪನ ಮಗ ಅಝೀಮನ ಗಿಟಾರಿಗೆ ಎರಡೇ ತಂತಿ. ಗವಿಸಿದ್ದೇಶನಿಗೆ ಒಂದೇ ಡ್ರಮ್ಮು. ಹಾಡು ಬರೆಯುವುದು, ಕಿರುಚುವುದು ನಾನು. ಬ್ಯಾಂಡಿನ ಹೆಸರು 'ಥ್ರೀ ಫೇಸ್', ಮಗ್ಗ ಓಡಿಸುವ ಕರೆಂಟಿನದೇ. ಕರೆಂಟು ಹೋದರೆ ಮಾತ್ರ ತಕ್ಷಣ ಬಾಯಿ ಮುಚ್ಚಬೇಕು — ಮಗ್ಗ ನಿಂತರೆ ಅಬ್ಬಾನಿಗೇನು, ಇಡೀ ಬೆಟಗೇರಿಗೆ ಕೇಳುತ್ತದೆ. ಅಬ್ಬಾನಿಗೆ ಗೊತ್ತಾದರೆ ಕಥೆ ಮುಗಿಯಿತು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ!

ಜುಲೈ 2

ಯೂಟ್ಯೂಬಿಗೆ ಹಾಕಿದ್ದ ನಮ್ಮ ಹಾಡಿನ ವಿಡಿಯೊ ಓಡಿದೆ! ನನ್ನ ಮುಖ ಇಲ್ಲ, ದನಿ ಮಾತ್ರ. ಕೆಳಗೆ ಯಾರೋ 'ಪಕ್ಕಾ ಪೋಸ್ಟ್-ಪಂಕ್' ಎಂದು ಬರೆದಿದ್ದಾರೆ. ಹಾಗಂದರೇನು ಅಂತ ಮೂವರೂ ಗೂಗಲ್ ಮಾಡಿದೆವು. ಒಂದು ಥರದ ರಾಕ್ ಸಂಗೀತವಂತೆ. ಹೌದಂತೆ, ನಾವು ಅದೇ ಅಂತೆ. ಹುಬ್ಬಳ್ಳಿಯಿಂದ ಶೋಗೆ ಕರೆ. ಕುಣಿಯುತ್ತಿದ್ದೆ... ಅಝೀಮ ಬಾಯಿಬಿಟ್ಟ.

"ನೀ ಬರೂದು ಬ್ಯಾಡ, ತಬ್ಬು. ದೊಡ್ಡಪ್ಪ ನನ್ನ ಕಾಲು ಮುರಿತಾರ. ನಿನ್ನ ದನಿ ಪೆನ್‌ಡ್ರೈವಿನ್ಯಾಗ ಒಯ್ತೀವಿ."

ಗವಿ ನೆಲ ನೋಡುತ್ತಾ ಕೂತ. ಗಂಟಲು ನನ್ನದು, ಸ್ಟೇಜು ಅವರದು. ಥೂ.

ಜುಲೈ 24

ಹುಬ್ಬಳ್ಳಿ ಹುಚ್ಚೆದ್ದು ಕುಣಿದಿದೆ. ವಿಡಿಯೊ ನೋಡಬಾರದಿತ್ತು, ನೋಡಿದೆ. ದನಿ ಯಾರದು ಅಂತ ಯಾರೋ ಕೇಳುತ್ತಾರೆ. ಅಝೀಮ ಹಲ್ಲು ಕಿರಿದು, "ಕಂಪ್ಯೂಟರಿಂದ್ರಿ" ಅಂತಾನೆ.

ಕಂಪ್ಯೂಟರ್! ಊಟದ ತಟ್ಟೆ ಗೋಡೆಗೆ ಎಸೆದೆ. ಅಮ್ಮಿಯ ಬೈಗುಳ. ಮುಂದಿನ ತಿಂಗಳು ಗದಗದಲ್ಲೇ ಶೋ. ನಮ್ಮೂರಲ್ಲೂ ನಾನು ಪೆನ್‌ಡ್ರೈವಾ?

ಆಗಸ್ಟ್ 18

ಹಾಡಿನ ನಡುವೆ ಕರೆಂಟು ಹೋಯಿತು. ಮಗ್ಗ ನಿಂತಿತು. ಅಝೀಮ ತುಟಿ ಮೇಲೆ ಬೆರಳಿಟ್ಟ. ಆ ಬೆರಳು ನೋಡಿಯೇ ಸಿಟ್ಟು ನೆತ್ತಿಗೇರಿತು. ನಿಲ್ಲಿಸಲಿಲ್ಲ. ಪೂರಾ ಹಾಡಿದೆ. ಓಣಿಯ ಕಿಟಕಿಗಳು ತೆರೆದವು. ಬಾಗಿಲಲ್ಲಿ ಅಬ್ಬಾ. ಏಟು ಬೀಳುತ್ತದೆ ಅಂದುಕೊಂಡೆ.

"ಮಗ್ಗ ನಡಿವಾಗ ಇದಕ್ಕಿಂತ ಚಲೋ ಹಾಡ್ತಿದ್ದಿ."

"ನಿಮಗ... ಕೇಳ್ತಿತ್ತೇನ್ರಿ?"

"ಹುಟ್ಟಿದಾಗಿಂದ ಮಗ್ಗದಾಗ ಅದೀನಿ. ಆ ಗದ್ದಲದಾಗ ಒಂದು ಎಳಿ ಹರಿದ್ರ ಗೊತ್ತಾಗ್ತೈತಿ. ಮಗಳ ದನಿ ಕೇಳಂಗಿಲ್ಲೇನು?"

ಅಳು ಬಂತು. "ಹಂಗಾರ ಗದಗದ ಶೋಕ್ಕ ನಾನೂ ಹೋಗ್ಲೇನ್ರಿ?"

"ಅದ್ಯಾಕ? ಮನ್ಯಾಗ ಹಾಡು. ನಾ ಕೇಳ್ತೀನಲ್ಲ."

ಪ್ರೀತಿಯಿಂದಲೇ ಅಂದರು. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಅಝೀಮ ನಿರಾಳವಾಗಿ ಉಸಿರು ಬಿಟ್ಟದ್ದನ್ನೂ ಕಂಡೆ.

ಆಗಸ್ಟ್ 20, ಭಾನುವಾರ, ಸಂಜೆ

ಪೆನ್‌ಡ್ರೈವು ಖಾಲಿ ಮಾಡಿಯೇ ಕೊಟ್ಟಿದ್ದೆ. ಇವತ್ತೇ ಶೋ. ಈಗ ಗದಗದಿಂದ ಅಝೀಮನ ಫೋನು ಮೇಲೆ ಫೋನು. ಎತ್ತಿದೆ.

"ತಬ್ಬು, ಇದರಾಗ ಏನೂ ಇಲ್ಲಲಾ! ದನಿ ಎಲ್ಲೈತಿ?"

"ಬಸ್ ಹತ್ತಾಕತ್ತೈತಿ!"

ಕೂಗಿಯೇ ಹೇಳಿದೆ. ಕಟ್ ಮಾಡಿದೆ. ಚಪ್ಪಲಿ ಹಾಕಿಕೊಂಡೇ ಇದನ್ನು ಗೀಚುತ್ತಿದ್ದೇನೆ. ಹೊರಗೆ ಹೋಗಲು ಶೆಡ್ಡು ದಾಟಿಯೇ ಹೋಗಬೇಕು. ದಾಟುತ್ತೇನೆ.

ಮಗ್ಗ ನಿಂತಿತು. ಕರೆಂಟು ಹೋಗಿಲ್ಲ, ತಲೆ ಮೇಲೆ ಬಲ್ಬು ಉರಿಯುತ್ತಿದೆ. ಅಬ್ಬಾ ತಾವೇ ನಿಲ್ಲಿಸಿದ್ದಾರೆ. ಎದ್ದು ಬರುತ್ತಿದ್ದಾರೆ. ಬರಲಿ. ಈ ಸಲ ನಾನು ಬಾಯಿ ಮುಚ್ಚುವುದಿ—