ಹಸಿರು ಚುಕ್ಕಿಯ ಡೈನೋಸಾರ್

ಚನ್ನಪಟ್ಟಣ
ಗುರುವಾರ, 12-6-2025

ತಂಗಿ ರಾಧಾಮಣಿ, ಹೇಗಿದ್ದೀಯ?

ಶುಕೂರ್ ಸಾಬರು ನಿನ್ನನ್ನು ಗೊಂಬೆ ಕೆಲಸದಿಂದ ಬಿಡಿಸಿ ಒಂಬತ್ತು ದಿನವಾಯಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಉಯ್ಯಂಬಳ್ಳಿಯಲ್ಲಿ ಸಿಗ್ನಲ್ ಇಲ್ಲವೋ, ನನ್ನ ನಂಬರ್ ನೋಡಿ ಸುಮ್ಮನಾಗುತ್ತೀಯೋ, ಗೊತ್ತಾಗದೆ ಕಾಗದ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೇ ಮನೆಯವರು ಸ್ಕೂಲು ಬಿಡಿಸಿ ನನ್ನನ್ನು ಕುರಿ ಹಿಂದೆ ಕಳಿಸಿದರು. ತಪ್ಪಿದ್ದರೆ ಹೊಂದಿಸಿಕೊಂಡು ಓದಿಕೋ. ತವರಿನಲ್ಲಿ ನಿಮ್ಮಣ್ಣ ಏನೂ ಅನ್ನಲಿಲ್ಲ ತಾನೆ?

ಗೊಂಬೆ ಜೊತೆ ಡಬ್ಬಿಗೆ ಹಾಕುವ ಆ ಡೈನೋಸಾರ್ ಕಾರ್ಡನ್ನು ಇವತ್ತು ಪೂರ್ತಿ ಓದಿದೆ. ನಾವು ಹಸಿರು ಅರಗಿನ ಬಣ್ಣ ಹಚ್ಚಿದ್ದೆವಲ್ಲ, ದೊಡ್ಡ ತಲೆ, ಚೋಟುದ್ದದ ಕೈ, ಅದು ಮಾಂಸ ತಿನ್ನುವುದಂತೆ. ಹಲ್ಲು ಬಾಳೆಹಣ್ಣಿನಷ್ಟು ಉದ್ದ. ಒಂದು ಉದುರಿದರೆ ಇನ್ನೊಂದು ಹುಟ್ಟುತ್ತಿತ್ತು. ಮೂಳೆಯನ್ನೂ ಪುಡಿ ಮಾಡಿ ನುಂಗುತ್ತಿತ್ತು. ಕಲ್ಲಾಗಿ ಸಿಕ್ಕಿದ ಲದ್ದಿಯಲ್ಲಿ ಮೂಳೆ ಚೂರುಗಳಿವೆಯಂತೆ. ಸತ್ತು ಬಿದ್ದದ್ದನ್ನೂ ಬಿಡುತ್ತಿರಲಿಲ್ಲ. ನಮ್ಮ ರೊಪ್ಪದ ಇಪ್ಪತ್ತು ಕುರಿ ಅದಕ್ಕೆ ಒಂದು ವಾರ ಬರುತ್ತಿತ್ತೋ ಇಲ್ಲವೋ. ಹರೆಯದಲ್ಲಿ ದಿಢೀರನೆ ಬೆಳೆಯುತ್ತಿತ್ತು. ಇಷ್ಟೆಲ್ಲ ತಿಂದೂ ಮೂವತ್ತು ವರ್ಷ ದಾಟಿದ್ದು ಅಪರೂಪ. ಮರದ ಸುತ್ತು ಎಣಿಸುವ ಹಾಗೆ ಮೂಳೆಯೊಳಗಿನ ಸುತ್ತು ಎಣಿಸಿ ವಯಸ್ಸು ಹೇಳುತ್ತಾರಂತೆ. ತನ್ನ ಜಾತಿಯದನ್ನೇ ಕಚ್ಚಿ ತಿಂದ ಗುರುತೂ ಮೂಳೆಗಳ ಮೇಲಿದೆಯಂತೆ. ಅಲ್ಲಿಗೆ ಬಂದು ಕಾರ್ಡು ಕೆಳಗಿಟ್ಟೆ.

ಆವತ್ತು ನೀನು ಹಲ್ಲು ಕೀಳಿಸಿಕೊಳ್ಳಲು ಮಧ್ಯಾಹ್ನವೇ ಹೊರಟೆ. ಸಾಬರಿಗೆ ಗೊತ್ತಾಗದ ಹಾಗೆ ನಿನ್ನ ಜಾಗದಲ್ಲಿ ಕೂತು ಡಬ್ಬಿಗಳಿಗೆ ಕಾರ್ಡು ಹಾಕಿದವಳು ನಾನು. ಒಂದು ಕಾರ್ಡಿನ ಮೂಲೆಯಲ್ಲಿ ಹಸಿರು ಚುಕ್ಕಿ, ಇನ್ನೊಂದರಲ್ಲಿ ಕೆಂಪು. ಕಾರ್ಡು ಓದದೆ, ಹಸಿರು ಗೊಂಬೆಗೆ ಹಸಿರು, ಕೆಂಪು ಬಣ್ಣದ ಉದ್ದ ಕತ್ತಿನದಕ್ಕೆ ಕೆಂಪು ಅಂದುಕೊಂಡೆ. ಅಂಗಡಿ ಪೊಟ್ಟಣದ ಮೇಲಿರುವ ಹಾಗೆ ಹಸಿರೆಂದರೆ ಸಸ್ಯಾಹಾರ, ಕೆಂಪೆಂದರೆ ಮಾಂಸ ಎಂಬುದು ಹೊಳೆಯಲೇ ಇಲ್ಲ. ಎರಡೂ ಅದಲು ಬದಲಾದವು.

ಗೊಂಬೆ ತರಿಸಿಕೊಂಡ ಬೆಂಗಳೂರಿನ ಸ್ಕೂಲಿನವರು ಫೋನ್ ಮಾಡಿದ ಮೇಲೆ ಸಾಬರು, “ಏನಮ್ಮಾ ರಾಧಾಮಣಿ, ಅಷ್ಟುದ್ದ ಹಲ್ಲಿರೋದಕ್ಕೆ ಸೊಪ್ಪು ತಿನ್ಸಿದೀಯಲ್ಲ! ಡಬ್ಬಿ ಎಲ್ಲಾ ವಾಪಸ್ ಬತ್ತಾ ಐತೆ. ನಾಳೆಯಿಂದ ನೀನು ಬರ್ಬ್ಯಾಡ” ಎಂದು ಕೂಗಿದರು. ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ತಲೆ ಬಗ್ಗಿಸಿ ಗೊಂಬೆಗೆ ಕಣ್ಣು ಬರೆಯುತ್ತಿದ್ದೆ. ನೀನು “ಆಯ್ತು ಬುಡಿ ಸಾಬ್ರೇ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ. ನನ್ನ ಹೆಸರು ಎತ್ತಲಿಲ್ಲ.

ನನ್ನನ್ನೂ ಬಿಡಿಸಿಬಿಟ್ಟರೆ ಎಂಬ ಭಯಕ್ಕೇ ಬಾಯಿ ಬಿಡಲಿಲ್ಲ. ಬೇರೆ ಕಾರಣ ಏನೇನೋ ಬರೆದು ನೋಡಿದೆ. ಯಾವುದೂ ನಿಜವಾಗಿರಲಿಲ್ಲ, ಹೊಡೆದುಹಾಕಿದೆ.

ನಿನ್ನ,
ಮಾಯಕ್ಕ

ವಿ.ಸೂ.: ಕಾಗದ ಮಡಿಸುವ ಮುಂಚೆ ಸಾಬರ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿಬಂದೆ. “ಅವ್ಳನ್ನ ಸೋಮವಾರ ಬರಕ್ಕೇಳು” ಅಂದರು. ನನಗೇನೂ ಹೇಳಲಿಲ್ಲ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಆ ದಿಗಿಲು ಇದ್ದೇ ಇದೆ. ಇಟ್ಟುಕೊಂಡರೆ ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರುತ್ತೀಯಾ? ಕೂರುವುದಿಲ್ಲ ಎಂದರೆ ಮೊದಲೇ ಹೇಳಿಬಿಡು, ಮುದ್ದೆ ಒಂದೇ ತರುತ್ತೇನೆ.