ಹೊಸ್ತಿಲ ಸಂದಿಯ ಸೂಜಿಗಳು

ಮಾರ್ಚ್ ೯, ಭಾನುವಾರ

ಗುಬ್ಬೀ,

ಹೇಗಿದ್ದೀಯೆ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನೀನು ನಿನ್ನ ಅಕ್ಕನ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತೇನೆ, ಮನೆಗೆ ಬರುತ್ತೇನೆ, ಒಂದು ತಟ್ಟೆ ತೊಳೆಯುತ್ತೇನೆ, ಮಲಗುತ್ತೇನೆ. ಇಲ್ಲಿ ಸದ್ದು ಮಾಡುವುದು ನಲ್ಲಿಯೊಂದೇ, ಅದೂ ಸೋರುವುದರಿಂದ.

ಇವತ್ತು ಬೆಳಿಗ್ಗೆ ನಿನ್ನ ಹೊಲಿಗೆ ಸೂಜಿಯೊಂದು ಅಂಗಾಲಿಗೆ ಚುಚ್ಚಿತು. ಈ ವಾರ ಇದು ಮೂರನೆಯದು. ಎಲ್ಲವನ್ನೂ ಒಂದೇ ಸಲ ಹೆಕ್ಕಲು ಅಯಸ್ಕಾಂತ ಮಾಡೋಣವೆಂದು, ಕಬ್ಬಿಣ ಉಜ್ಜುವ ಮುರಿದ ಅರವೊಂದನ್ನು ತೆಗೆದುಕೊಂಡೆ, ಗಟ್ಟಿ ಉಕ್ಕು. ಅದಕ್ಕೆ ಕಾಗದ ಸುತ್ತಿ, ಮೇಲೆ ತಾಮ್ರದ ತಂತಿಯನ್ನು ಒಂದೇ ದಿಕ್ಕಿಗೆ ಇನ್ನೂರು ಸುತ್ತು ಸುತ್ತಿದೆ. ತುದಿಗಳನ್ನು ಸ್ಕೂಟರಿನ ಹಳೆಯ ಬ್ಯಾಟರಿಗೆ ಮುಟ್ಟಿಸಿ ಎರಡು ಎಣಿಸುವಷ್ಟರಲ್ಲಿ ತಂತಿ ಬಿಸಿಯಾಯಿತು, ತೆಗೆದೆ. ನಾಲ್ಕು ಸಲ ಹಾಗೆ ಮಾಡಿದೆ. ತಂತಿ ಬಿಚ್ಚಿದ ಮೇಲೂ ಅರ ಗುಂಡುಸೂಜಿಯನ್ನು ಟಕ್ಕನೆ ಎಳೆದುಕೊಂಡಿತು. ಒಬ್ಬನೇ ನಕ್ಕೆ. ತೋರಿಸೋಣವೆಂದು ತಿರುಗಿದೆ, ಯಾರಿದ್ದಾರೆ?

ಆಮೇಲೆ ಮಂಡಿಯೂರಿ ಮನೆಯೆಲ್ಲ ಅರ ಆಡಿಸಿದೆ. ನಿನ್ನ ಮಷೀನಿದ್ದ ಕಿಟಕಿಯ ಬಳಿ ಸಿಕ್ಕಿದ್ದು ಐದೇ ಸೂಜಿ. ಬೀದಿ ಬಾಗಿಲ ಹೊಸ್ತಿಲ ಸಂದಿಯಲ್ಲಿ ಮೂವತ್ತೊಂದು! ಬೆಳಕಿರುವ ಕಿಟಕಿ ಬಿಟ್ಟು ಅಲ್ಲೇಕೆ ಕೂರುತ್ತಿದ್ದೆಯೋ ತಿಳಿಯಲಿಲ್ಲ. ಎದುರುಮನೆ ಅಜ್ಜಿಯನ್ನೇ ಕೇಳಿದೆ.

"ದಿನಾ ಸಂಜೆ ಅಲ್ಲೇ ಕೂತು ಅಂಗಿ ಗುಂಡಿಗಳಿಗೆ ಕಾಜಾ ಹೊಲೀತಿದ್ಲಪ್ಪ. ನೀನು ಬೀದಿ ತಿರುವಲ್ಲಿ ಕಂಡ ತಕ್ಷಣ ಎದ್ದು ಒಳಗೆ ಹೋಗಿಬಿಡೋಳು" ಅಂದರು.

ನಾನು ಬರುವಾಗ ನೀನು ಯಾವಾಗಲೂ ಒಳಗೆ ಏನೋ ಕೆಲಸದಲ್ಲಿರುತ್ತಿದ್ದೆ. ನನಗಾಗಿ ಯಾರೂ ಕಾದಿಲ್ಲವೆಂದುಕೊಂಡು ನಾನೂ ತುಟಿ ಬಿಚ್ಚುತ್ತಿರಲಿಲ್ಲ. "ಗೋಡೆನಾದ್ರೂ ಕೂಗಿದ್ರೆ ವಾಪಸ್ ಸದ್ದು ಕೊಡುತ್ತೆ" ಅಂತ ನೀನು ಅಂದಾಗ ಸಿಟ್ಟು ಬಂದಿತ್ತು. ಸರಿಯಾಗೇ ಹೇಳಿದ್ದೆ. ಮದುವೆಯಾಗಿ ಹನ್ನೊಂದು ವರ್ಷ ಹಾಗೇ ಕಳೆದುಬಿಟ್ಟೆವಲ್ಲ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕರೆದುಕೊಂಡು ಬರಲಿಕ್ಕಲ್ಲ, ಮಾತಾಡಲಿಕ್ಕೆ. ಬೇಡವೆನಿಸಿದರೆ ಅಕ್ಕನ ಕೈಲಿ ಹೇಳಿಸು, ಗೇಟಿನಿಂದಲೇ ಹಿಂತಿರುಗುತ್ತೇನೆ.

ನೀನೇ ಹೆಸರಿಟ್ಟ,
ಮೋಟರಪ್ಪ

ಇನ್ನೊಂದು ಮಾತು: ಹೊರಟ ದಿನ ನೀನು ಚೀಲ ಹಿಡಿದು ಎರಡು ಸಲ ನನ್ನನ್ನು ಕರೆದೆ. ನಿದ್ದೆಯಲ್ಲಿದ್ದೆ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ಸುಳ್ಳು. ಎಚ್ಚರವಾಗಿತ್ತು. ಎರಡೂ ಸಲ ಕೇಳಿಸಿತ್ತು.